ನಲವತ್ತಾರು ಬುಡ ಮಲ್ಲಿಗೆ

ಹೆದ್ದಾರಿ ಅಗಲ ಮಾಡಲು ನೀಲಾಳ ಭಟ್ಕಳದ ಹಿತ್ತಲನ್ನು ಅಳೆಯುವವರು ಬಂದದ್ದು, ಅವಳು ಮಲ್ಲಿಗೆ ಸವರಿದ ಮೂರನೇ ದಿನ. ವರ್ಷಕ್ಕೊಮ್ಮೆ ಗೆಲ್ಲು ಕಡಿದು, ಎಲೆ ಉದುರಿಸಿ, ಕೆಲವು ದಿನ ನೀರು ಹಾಕುವುದು ನಿಲ್ಲಿಸಿದರೇ ಮಲ್ಲಿಗೆ ಮೈತುಂಬ ಮೊಗ್ಗು ಬಿಡುವುದು. ಅಳೆಯುವವನಿಗೆ ಅದೆಲ್ಲ ಎಲ್ಲಿ ಗೊತ್ತು? ಅವನು ತೆಂಗು ಎಣಿಸಿದ, ಬಾವಿ ಬರೆದುಕೊಂಡ, ನಲವತ್ತಾರು ಮೋಟು ಬುಡ ನೋಡಿ ‘ಒಣ ಕುರುಚಲು’ ಎಂದು ಗೀಚಿದ. ನೀಲಾ ಎಲ್ಲರಿಗೂ ಮಜ್ಜಿಗೆ ಕೊಟ್ಟು, ಓದಿ ನೋಡದೆ ಸಹಿ ಹಾಕಿದಳು. ಇಪ್ಪತ್ತು ವರ್ಷ ಅವಳ ಮನೆ ನಡೆದದ್ದೇ ಆ ಹೂವಿನಿಂದ. ಮಲ್ಲಿಗೆ ಬುಡದ ಗುರುತು ಸಿಗದ ಮನುಷ್ಯರೂ ಇರುತ್ತಾರೆಂದು ಅವಳಿಗೆ ಹೊಳೆಯಲೇ ಇಲ್ಲ.

ನಾಲ್ಕು ತಿಂಗಳ ಮೇಲೆ ಪರಿಹಾರದ ಪಟ್ಟಿ ಬಂತು. ಹಿತ್ತಲೆಲ್ಲ ಬೆಳ್ಳಗೆ ಮೊಗ್ಗು. ಪಟ್ಟಿಯಲ್ಲಿ ಮಲ್ಲಿಗೆಯ ಸುದ್ದಿಯೇ ಇಲ್ಲ; ಅದರ ಜಾಗದಲ್ಲಿ ‘ಒಣ ಕುರುಚಲು, ಸೊನ್ನೆ’ ಎಂದಿತ್ತು. ನೀಲಾ ಒಂದು ಚೀಲ ಮೊಗ್ಗು ಕೊಯ್ದು, ಗಂಡ ದುರ್ಗಪ್ಪನನ್ನು ಎಳೆದುಕೊಂಡು ಕುಮಟಾಕ್ಕೆ ಬಸ್ ಹತ್ತಿದಳು. ಪರಿಹಾರದ ಕಚೇರಿ ಇರುವುದು ಅಲ್ಲಿ.

“ಹೂ ಮಾರೂಕೆ ಬಂದ್ರಾ?” ಎಂದ ಗುಮಾಸ್ತ.

“ಮಾರೂಕಲ್ಲ ಸಾಯ್ಬ್ರೆ, ತೋರಿಸೂಕೆ. ನೀವು ಕುರುಚಲು ಅಂತ ಬರ್ದದ್ದು ಇದನ್ನೇ.”

ಗುಮಾಸ್ತ ಒಳ್ಳೆಯವನೇ. ಕಡತ ತೆಗೆಸಿ ಓದಿದ. “ಅಳತೆ ದಿನ ಇದ್ದದ್ದೇ ಲೆಕ್ಕ ಅಮ್ಮಾ. ನಿಮ್ಮದೇ ಸಹಿ ಇದೆ. ಕಾರವಾರದಲ್ಲಿ ಡೀಸಿಯವರಿಗೆ ಅರ್ಜಿ ಹಾಕ್ಬಹುದು. ಅಳತೆಗಿಂತ ಮುಂಚಿನ ಫೋಟೋ ಇದ್ಯಾ?”

“ಮಲ್ಲಿಗೆ ಗಿಡದ ಫೋಟೋ ಯಾರು ತೆಗೀತ್ರು? ಈಗ್ಲೇ ತೆಗೆಸ್ತೆ.”

“ಈಗಿನದು ಬೇಡ. ಅಳತೆ ಆದ್ಮೇಲೆ ನೆಟ್ಟದ್ದು ಅಂತಾರೆ.”

“ಬುಡ ನೋಡಿದ್ರೆ ತಿಳೂದಿಲ್ವಾ? ವಿಚಾರಣೆಗೆ ಅವ್ರೇ ಬಂದು ನೋಡ್ಲಿ.”

“ಅವರು ಬರುವಾಗ ವರ್ಷ ಕಳೀಬಹುದು. ಜೆಸಿಬಿ ಸೋಮವಾರವೇ ಬರ್ತದೆ.” ಅವನು ಕಡತ ಕಟ್ಟಿದ.

ಊರಿಗೆ ಮರಳುವ ಬಸ್ಸು ಹೊನ್ನಾವರ ದಾಟಿತು. ದುರ್ಗಪ್ಪ ಶುರು ಮಾಡಿದ. “ಮಜ್ಜಿಗೆ ಕೊಡೂಕೆ ಬಂತು. ಮಲ್ಲಿಗೆ ಅಂತ ಒಂದು ಮಾತು ಹೇಳೂಕೆ ಎಂತಾಗಿತ್ತೆ ನಿಂಗೆ?”

“ನೀವೂ ಅಲ್ಲೇ ಇದ್ರಲಾ, ಬೀಡಿ ಎಳೀತಾ.”



ಸೋಮವಾರ ಜೆಸಿಬಿಯವನು ಹಿತ್ತಲಿಗೆ ಬಂದವನೇ ಯಂತ್ರ ನಿಲ್ಲಿಸಿ ಕೆಳಗಿಳಿದ. “ಎಂತಾ ಮಲ್ಲಿಗೆ ಅಕ್ಕಾ! ಕೊಯ್ಕೊಳ್ಳಿ, ನಾ ಕಾಯ್ತೆ.”

“ಎಷ್ಟೊತ್ತು ಕಾಯ್ತ್ಯೋ ತಮ್ಮಾ?”

“ಅರ್ಧ ತಾಸು. ಹೆಚ್ಚಾದ್ರೆ ನಂಗೆ ಬೈತ್ರು.”

ಅಷ್ಟು ಮೊಗ್ಗು ಕೊಯ್ಯಲು ಇಬ್ಬರು ಸೇರಿದರೂ ಎರಡು ತಾಸು ಬೇಕು. ನೀಲಾ ಮೆಟ್ಟಿಲ ಮೇಲೆ ಕೂತಳು.

“ಆತು, ನೀ ಶುರು ಮಾಡು,” ಎಂದಳು.