ಶನಿವಾರ ಐದು ಗಂಟೆಯ ಚಳಿ

ಹಿಲ್ಮಾಳ ಮನೆಯ ಗೋಡೆಯೊಳಗೆ ಮರಕುಟುಕ ಸೇರಿಕೊಂಡು ಎರಡು ತಿಂಗಳಾಗಿತ್ತು. ಟಕ್ ಟಕ್ ಟಕ್, ಆಮೇಲೊಂದು ಸಣ್ಣ ಗುಂಯ್. ಹಕ್ಕಿಯೇನಲ್ಲ, ಹಜಾರದ ಥರ್ಮೋಸ್ಟಾಟ್. ಮನೆಯವರ ಕೈ ನೋಡಿ ಕಲಿತು, ಹೊತ್ತಿಗೆ ತಕ್ಕಂತೆ ಬಿಸಿ ಏರಿಸಿ ಇಳಿಸುವ ಜಾಣ ಯಂತ್ರ. ಗಂಡ ಟೊಯ್ವೊ ತಾನೇ ತಂದು ತಾನೇ ಕೂರಿಸಿದ್ದ. ಮಿನೆಸೋಟದ ಆ ಗಣಿಯೂರಿನಲ್ಲಿ ಇಷ್ಟಕ್ಕೆಲ್ಲ ಹೊರಗಿನವರನ್ನು ಕರೆದ ಗಂಡಸು ತಲೆ ತಗ್ಗಿಸಿ ನಡೆಯಬೇಕು.

ಅಕ್ಟೋಬರಿನಲ್ಲಿ ಟೊಯ್ವೊ ತೀರಿಕೊಂಡ. ಯಂತ್ರಕ್ಕೆ ಅದನ್ನು ಯಾರೂ ಹೇಳಲಿಲ್ಲ. ಶನಿವಾರ ಸಂಜೆ ಐದಕ್ಕೆ ಸರಿಯಾಗಿ ಅದು ಮನೆಯ ಬಿಸಿ ಇಳಿಸುತ್ತಲೇ ಇತ್ತು. ಆ ಹೊತ್ತಿಗೆ ಗಂಡಹೆಂಡಿರು ಹಿತ್ತಲಿನ ಸೌನಾದಲ್ಲಿ, ಒಲೆಯಿಟ್ಟ ಮರದ ಉಗಿಕೋಣೆಯಲ್ಲಿ, ಬೆವರುತ್ತ ಕೂರುವುದು ವಾಡಿಕೆಯಾಗಿತ್ತು. ಕೆಂಡದ ಹಾಗೆ ಕೆಂಪಾಗಿ ಮರಳುವಾಗ ಮನೆ ತಣ್ಣಗಿರಲಿ ಎಂದು ಟೊಯ್ವೊ ಹೊಸ್ತಿಲು ದಾಟುವ ಮುನ್ನ ಅದನ್ನು ತಿರುಗಿಸುತ್ತಿದ್ದ. ಈಗ ಸೌನಾದ ಒಲೆ ಹೊತ್ತಿಸುವವರಿಲ್ಲ. ಹಿಲ್ಮಾ ಶನಿವಾರ ಸಂಜೆ ಕೋಟು ತೊಟ್ಟು ಹಜಾರದಲ್ಲಿ ಚಳಿಯನ್ನು ಕಾಯುತ್ತ ಕೂರುತ್ತಿದ್ದಳು. ಅದು ಕಾಲ್ಬೆರಳಿಂದ ಏರತೊಡಗಿದರೆ, ಅವನು ಹೆಗಲಿಗೆ ಟವೆಲು ಹಾಕಿ ಈಗಷ್ಟೇ ಆಚೆ ಹೋದ ಹಾಗೆ.

ಜನವರಿಯಲ್ಲಿ ಯಂತ್ರ ಸತ್ತು ಸತ್ತು ಎದ್ದಿತು. ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತು. ವಿಧಿಯಿಲ್ಲದೆ ಪಕ್ಕದ ಮನೆಯ ಲೂಡ್ವಿಕನನ್ನು ಕರೆದಳು. ಗಣಿಯಲ್ಲಿ ಕರೆಂಟಿನ ಕೆಲಸ ಮಾಡಿ ನಿವೃತ್ತನಾದವನು.

"ಎರಡು ತಿಂಗಳಿಂದ ಈ ಟಕಟಕ ಕೇಳ್ಕೊಂಡಿದ್ಯಾ? ಕಿವೀಲೇನು ಜೇಡ ಬಲೆ ಕಟ್ಟಿತ್ತಾ?"

"ಬಾಯಿ ಕಮ್ಮಿ ಮಾಡಿ ಕೈ ಆಡ್ಸು. ಕಾಫಿ ಆರ್ತಿದೆ."

ಲೂಡ್ವಿಕ್ ಮುಖಫಲಕ ಕಿತ್ತು ಟಾರ್ಚು ಬಿಟ್ಟ. "ಅಯ್ಯೋ ಟೊಯ್ವೊ, ಮಹಾರಾಯ! ಇದಕ್ಕೆ ಕರೆಂಟು ತರೋ ನೀಲಿ ತಂತೀನ ಸಿಕ್ಸೇ ಇಲ್ಲ, ಮಡಚಿ ಹಿಂದಕ್ಕೆ ತುರುಕಿದಾನೆ. ಪಾಪ, ಇದು ಹೊಟ್ಟೆಗಿಲ್ದೆ ಬೇರೆ ತಂತಿಯಿಂದ ಕರೆಂಟು ಕದ್ದು ತಿಂತಿತ್ತು. ಚಳಿ ಏರಿ ಕೆಲ್ಸ ಜಾಸ್ತಿಯಾದ್ಮೇಲೆ ಅದೂ ಸಾಲ್ದು, ಅದಕ್ಕೇ ಈ ಸದ್ದು."

"ಜೊತೇಲಿ ಬಂದ ಕಾಗದ ಓದೋ ಅಂದೆ. ಅದ್ರಲ್ಲಿ ಮೀನು ಸುತ್ತಿಟ್ಟ."

ಇಬ್ಬರೂ ನಕ್ಕರು. ಅವಳ ನಗು ಅರ್ಧಕ್ಕೇ ನಿಂತಿತು. ಶನಿವಾರವನ್ನು ಮುಟ್ಟಬೇಡ ಎನ್ನಬೇಕಿತ್ತು. ನಾಲಿಗೆಯ ತುದಿಗೂ ಬಂತು. ಆದರೆ ಇಂಥದ್ದನ್ನು ಬಾಯಿಬಿಟ್ಟು ಹೇಳುವ ಜನವಲ್ಲ ಅವಳದು. ಸಾವಿನ ಮನೆಯಲ್ಲೂ ಹವಾಮಾನದ ಮಾತಾಡುವವರು.

"ಇನ್ನೊಂದು ಏಲಕ್ಕಿ ಬನ್ನು ತರ್ಲಾ?" ಎಂದು ಅಡುಗೆಮನೆಗೆ ಹೋದಳು.

ಬರುವಷ್ಟರಲ್ಲಿ ಗೋಡೆ ಮೌನವಾಗಿತ್ತು. ಲೂಡ್ವಿಕ್ ಕೈ ಒರೆಸಿಕೊಳ್ಳುತ್ತ ಬೀಗಿದ. "ಇದ್ರ ತಲೇಲಿ ಎಂಥೆಂಥ ಹುಚ್ಚು ತುಂಬಿತ್ತು ಗೊತ್ತಾ? ಶನಿವಾರ ಐದಕ್ಕೆ ಮನೆ ತಣ್ಣಗೆ ಮಾಡೋದಂತೆ, ಈ ಜನವರೀಲಿ! ಎಲ್ಲ ಅಳಿಸ್ಬಿಟ್ಟೆ. ಇನ್ಮೇಲೆ ಬೆಚ್ಚಗಿರ್ತೀಯ ಕಣೇ."

ಹಿಲ್ಮಾ ಬನ್ನಿನ ತಟ್ಟೆಯನ್ನು ಅವನ ಮುಂದಿಟ್ಟಳು. "ಉಪಕಾರ ಆಯ್ತು, ಲೂಡ್ವಿಕ್. ಹೊರಗೆ ಮಂಜು ಜೋರಾಗೋ ಹಾಗಿದೆ," ಎಂದಳು.

ಶನಿವಾರ ಕೋಟು ತೊಟ್ಟು ಕೂತಳು. ಐದಾಯಿತು. ಟಕ್ ಎನ್ನಲಿಲ್ಲ. ಮನೆ ಬೆಚ್ಚಗೇ ಇತ್ತು, ಏನೂ ಗೊತ್ತಿಲ್ಲದ ಮಗುವಿನ ಹಾಗೆ. ಎದ್ದು ಹೋಗಿ ಯಂತ್ರದ ಬಳೆಯಂಥ ಅಂಚಿನ ಮೇಲೆ ಬೆರಳಿಟ್ಟಳು. ತಿರುಗಿಸಿದರೆ ಚಳಿಯೇನೋ ಬಂದೀತು. ಬಂದರೆ ಅದು ತನ್ನ ಚಳಿ, ಅವನದಲ್ಲ. ಬೆರಳು ತೆಗೆದಳು.

ಆರಕ್ಕೆ, ಟೊಯ್ವೊ ಸೌನಾದಿಂದ ಒಳಗೆ ಬರುತ್ತಿದ್ದ ಹೊತ್ತಿಗೆ, ಬೆವರಿನಲ್ಲಿ ನೆನೆದ ಕೋಟು ಬಿಚ್ಚಿ ಅವನ ಟವೆಲಿನ ಮೊಳೆಗೇ ತೂಗುಹಾಕಿದಳು.