ಒತ್ತಲಾ ಅಪ್ಪಾ

ಅಂಗಾಲಿಗೆ ಏನೋ ಅಂಟಿತು, ತಣ್ಣಗೆ, ಲೊಳಲೊಳ — ಬಾಳೆಹಣ್ಣು, ಇನ್ನೇನು, ಬೆಳಿಗ್ಗೆ ಮಗಳು ತಿನ್ನಲ್ಲ ಅಂತ ಹಟ ಮಾಡಿ ಎಸೆದದ್ದು, ಅದನ್ನೇ ಹುಡುಕಿಕೊಂಡು ಹೊರಟವನಿಗೆ ದಾರಿಯಲ್ಲಿ ಚೆಲ್ಲಿದ ಹಾಲು ಕಂಡಿತ್ತು, ಹಾಲು ಒರೆಸಲು ಬಟ್ಟೆ ತರಹೋದರೆ ಗೋಡೆಯ ಮೇಲೆ ನೀಲಿ ಬಣ್ಣ, ಹೀಗೆ ಒಂದೂ ಮುಗಿಯದೆ ಇನ್ನೊಂದು, ಗಂಟೆ ಇನ್ನೂ ಹತ್ತೂವರೆ, ಹತ್ತೂವರೆಯೇ? ಗಡಿಯಾರ ನಿಂತಿದೆಯೋ ಏನೋ — ಇಲ್ಲ, ಮುಳ್ಳು ಓಡುತ್ತಲೇ ಇದೆ, ನಿಂತಿರುವುದು ಅವನ ತಲೆ. ಹೆಂಡತಿ ಆರೂವರೆಗೆ ಆಸ್ಪತ್ರೆಗೆ ಹೊರಟಳು, ತನ್ನ ನರ್ಸಿನ ಬಿಳಿ ಬಟ್ಟೆಗೆ ಮಕ್ಕಳ ಕೈ ತಾಗದಂತೆ ಬಾಗಿಲಲ್ಲೇ ಬಗ್ಗಿ ಮುತ್ತಿಟ್ಟು, ಇಬ್ಬರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ರೀ ಅಂದಳು, ಅವನು ನಕ್ಕ, ಊರವರ ಕೆಟ್ಟ ವಾಷಿಂಗ್ ಮಷಿನ್‌ಗಳನ್ನೆಲ್ಲ ರಿಪೇರಿ ಮಾಡೋನಿಗೆ ಎರಡು ಮಕ್ಕಳು ಯಾವ ಲೆಕ್ಕ ಅಂದ, ಅಂದ ಬಾಯಿಗೆ ಈಗ ಬಾಳೆಹಣ್ಣು ತುರುಕಬೇಕು. ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಗೆ ಜ್ವರ, ಅದಕ್ಕೇ ಅವನಿಗೆ ರಜೆ. ರಜೆಯಂತೆ ರಜೆ! ಐದು ವರ್ಷದ ಮಗ, ಎಲ್ಲವನ್ನೂ ಬುಡದಿಂದ ಬಿಡಿಸಿ ಹೇಳದಿದ್ದರೆ ಸಮಾಧಾನವಿಲ್ಲದ್ದಕ್ಕೆ ಮನೆಯಲ್ಲಿ ಅವನ ಹೆಸರು ಮೇಷ್ಟ್ರು, ಎರಡೂವರೆಯ ಮಗಳು ಇಲಿಮರಿ, ಸಂದು ಕಂಡಲ್ಲೆಲ್ಲ ನುಗ್ಗುವವಳು, ಇವತ್ತು ಅಣ್ಣನ ಬಣ್ಣದ ಡಬ್ಬಿಗೆ ನುಗ್ಗಿ ಎದ್ದು ಬಂದಳು, ತಲೆಯಿಂದ ಕಾಲಿನವರೆಗೆ ನೀಲಿ, ಕಿವಿಯೊಳಗೂ ನೀಲಿ, ಹಲ್ಲು ಮಾತ್ರ ಬಿಳಿ, ಆ ಹಲ್ಲಿನಷ್ಟನ್ನೂ ತೋರಿಸಿ ನಗುತ್ತಿದ್ದಳು, ಬೈಯಲು ಬಾಯಿ ತೆಗೆದವನಿಗೆ ನಗು ಬಂದುಬಿಟ್ಟಿತು. ನಿನ್ನನ್ನ ಸೋಪಲ್ಲಿ ತೊಳೆದ್ರೆ ಆಗಲ್ಲ ಕಣೇ, ಮಷಿನ್‌ಗೇ ಹಾಕಿ ಗಿರಗಿರ ತಿರುಗಿಸ್ಬೇಕು! ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಇಲಿಮರಿ ಗಿಗಿಗಿ ಗಿಗಿಗಿ ಎಂದು ನಿಂತಲ್ಲೇ ತಿರುಗಿದಳು, ತಿರುಗಿ ಧೊಪ್ಪೆಂದು ಬಿದ್ದಳು, ಬಿದ್ದಲ್ಲಿ ಇನ್ನೊಂದು ನೀಲಿ. ಎಷ್ಟು ಸುಖ ಅನ್ನಿಸಿತ್ತು ಆಗ, ನಿಜಕ್ಕೂ, ಇದನ್ನು ಬಿಟ್ಟು ದಿನಾ ಯಾರ ಯಾರದೋ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂರುತ್ತೇನಲ್ಲ ಅನ್ನಿಸಿತ್ತು. ಅಷ್ಟರಲ್ಲಿ ಫೋನು, ಮಷಿನ್‌ನಿಂದ ನೀರು ಹೋಗ್ತಿಲ್ಲ ಅಂತ ಒಬ್ಬ ಮೇಡಮ್ಮು, ಅವನು ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿ, ಕೆಳಗಡೆ ಪುಟ್ಟ ಮುಚ್ಚಳ ಇದೆ ನೋಡಿ ಮೇಡಂ, ಅದನ್ನ ಬಿಚ್ಚಿ, ಹೆದರ್ಬೇಡಿ, ಕಡಿಯಲ್ಲ ಅದು ಎನ್ನುತ್ತ ಹಾಲು ಒರೆಸುತ್ತಿದ್ದ, ಬಚ್ಚಲ ಪಕ್ಕದ ಮೂಲೆಯಿಂದ ಮೇಷ್ಟ್ರು ಕೂಗಿದ, ಒತ್ತಲಾ ಅಪ್ಪಾ? ಅದು ಮನೆಯ ದಿನನಿತ್ಯದ ಪದ್ಧತಿ, ಬಟ್ಟೆ ತುಂಬುವುದು ಇಲಿಮರಿ, ಬಟನ್ ಒತ್ತುವುದು ಮೇಷ್ಟ್ರು, ಅಪ್ಪಣೆ ಕೊಡುವುದು ಅಪ್ಪ, ಅವನು ಫೋನಿಗೆ ಕೈ ಅಡ್ಡ ಹಿಡಿದು, ಹೂಂ ಒತ್ತು ಅಂದ. ಮೇಡಮ್ಮಿನ ಮಷಿನ್‌ನಿಂದ ಮಗುವಿನ ಕಾಲುಚೀಲ ಸಿಕ್ಕಿತಂತೆ, ನೀರು ಹೋಯಿತಂತೆ, ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು.

ಬಾಳೆಹಣ್ಣು ಒರೆಸಿ ಎದ್ದು ನಿಂತಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಏನು? ಸದ್ದು. ಮಷಿನ್ ಒಂದೇ ಗುರ್ ಗುರ್ ಎನ್ನುತ್ತಿದೆ, ಮಿಕ್ಕ ಮನೆ ತೆಪ್ಪಗಿದೆ, ಈ ಮನೆ ತೆಪ್ಪಗಿರುವುದೆಂದರೆ ಎಲ್ಲೋ ಏನೋ ಒಡೆದಿದೆ ಇಲ್ಲವೇ ಒಡೆಯಲಿದೆ ಅಂತ ಅರ್ಥ, ಮೇಷ್ಟ್ರು ಒಬ್ಬನೇ ಮಷಿನ್ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾನೆ, ಎಲ್ಲೋ ನಿನ್ನ ತಂಗಿ? ಹುಡುಗ ಗಂಟಲು ಸರಿಮಾಡಿಕೊಂಡ, ಪಾಠ ಶುರು, ನೀನೇ ಹೇಳಿದ್ಯಲ್ಲಪ್ಪ, ಸೋಪಲ್ಲಿ ಹೋಗಲ್ಲ, ಮಷಿನ್‌ಗೆ ಹಾಕ್ಬೇಕು ಅಂತ, ಅದಕ್ಕೆ ನಾನು ಮೊದಲು ಬಟ್ಟೆ ತೆಗೆದೆ, ಆಮೇಲೆ ಅವಳನ್ನ ಒಳಗೆ ಹಾಕ್ದೆ, ಆಮೇಲೆ — ಆಮೇಲೆ ಏನಿದೆ, ಆಮೇಲೆ ಏನೂ ಇಲ್ಲ, ಕಾಲು ತಾನಾಗಿ ಓಡಿತು, ಹಾಲು ಒರೆಸಿದ ಹಸಿ ನೆಲದಲ್ಲಿ ಜಾರಿ ಮಂಡಿಯೂರಿ ಬಿದ್ದದ್ದು ಸರಿಯಾಗಿ ಆ ಗುಂಡನೆಯ ಗಾಜಿನ ಎದುರಿಗೇ, ಒಳಗೆ ನೊರೆ, ನೊರೆಯಲ್ಲಿ ನೀಲಿ, ನೀಲಿಯಲ್ಲಿ ಒಂದು ಪುಟ್ಟ ಅಂಗಿಯ ತೋಳು, ತೋಳಿನ ತುದಿಗೆ ಕೈ, ಐದು ಬೆರಳು, ಗಾಜಿಗೆ ಪಟ್ಟೆಂದು ಬಡಿದು ಮೇಲಕ್ಕೆ ಹೋಯಿತು. ದೇವರೇ. ಅವನು ಕೂಗಿದನೋ ಇಲ್ಲವೋ ಗೊತ್ತಿಲ್ಲ. ಪ್ಲಗ್ ಕಿತ್ತು ಎಸೆದ.

ತಿರುಗುವುದು ನಿಂತಿತು, ಬಾಗಿಲು ಬರಲಿಲ್ಲ, ಬರುವುದಿಲ್ಲ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬೀಗದೊಳಗೆ ಬೆರಳುಗುರಿನಷ್ಟು ಒಂದು ತುಣುಕಿದೆ, ಕರೆಂಟು ಹೋದ ಮೇಲೆ ಅದು ತಣ್ಣಗಾಗಬೇಕು, ಆಗಲೇ ಬಾಗಿಲು ಬಿಡುವುದು, ಒಂದೂವರೆ ನಿಮಿಷ, ಹನ್ನೊಂದು ವರ್ಷದಿಂದ ಮನೆಮನೆಯಲ್ಲಿ ಹೇಳಿದ್ದಾನೆ, ಸ್ವಲ್ಪ ತಾಳಿ ಮೇಡಂ, ಅದು ಸೇಫ್ಟಿಗೆ ಅಂತಾನೇ ಇರೋದು — ಸೇಫ್ಟಿ! ಕೆಳಗಿನ ಮುಚ್ಚಳ ಕಿತ್ತ, ಅದರ ಹಿಂದೆ ಒಂದು ಕೆಂಪು ದಾರ ಇರುತ್ತದೆ, ಎಳೆದರೆ ಬಾಗಿಲು ಬಿಟ್ಟುಕೊಳ್ಳುತ್ತದೆ, ಇಂಥ ಹೊತ್ತಿಗೆಂದೇ ಕಟ್ಟಿರುವ ದಾರ, ಬೆರಳು ತಡಕಾಡಿತು, ದಾರವಿಲ್ಲ, ಎಲ್ಲಿದ್ದೀತು, ಹೋದ ತಿಂಗಳು ತಾನೇ ಬಿಚ್ಚಿಕೊಂಡು ಹೋಗಿ ಯಾರದೋ ಮಷಿನ್‌ಗೆ ಹಾಕಿ ಶಭಾಷ್ ಅನ್ನಿಸಿಕೊಂಡು ಬಂದವನು ಅವನೇ, ನಮ್ಮದಕ್ಕೆ ಆಮೇಲೆ ಹಾಕಿದರಾಯ್ತು ಅಂದವನೂ ಅವನೇ. ಮೇಲಿನ ಹಲಗೆಗೆ ಹಿಂದುಗಡೆ ಎರಡು ಸ್ಕ್ರೂ, ಬಿಚ್ಚಿದರೆ ಬೀಗಕ್ಕೆ ಕೈ ಎಟಕುತ್ತದೆ, ಸ್ಕ್ರೂಡ್ರೈವರು ಕೆಳಗೆ ಗಾಡಿಯ ಡಿಕ್ಕಿಯಲ್ಲಿ, ಮೂರು ಮಹಡಿ, ಹೋಗಿಬರುವಷ್ಟರಲ್ಲಿ — ಗಾಜಿಗೆ ಮುಷ್ಟಿಯಿಂದ ಗುದ್ದಿದ, ಅದು ಒಡೆಯುವ ಗಾಜಲ್ಲ, ಗೊತ್ತು, ಆದರೂ ಗುದ್ದಿದ, ಮತ್ತೆ ಗುದ್ದಿದ, ಅಪ್ಪಾ ಕೇಳಪ್ಪಾ, ಬಾಯ್ಮುಚ್ಚೋ! ಎಷ್ಟಾಯಿತು, ಇಪ್ಪತ್ತು ಸೆಕೆಂಡೇ, ಅವಳು ಹುಟ್ಟಿದಾಗ ಅತ್ತಿರಲಿಲ್ಲ, ಡಾಕ್ಟರಮ್ಮ ಅಂಗಾಲಿಗೆ ತಟ್ಟಿದರು, ಒಂದು ತಟ್ಟು, ಎರಡು ತಟ್ಟು, ಅಷ್ಟೂ ಹೊತ್ತು ಅವನು ಬಾಗಿಲ ಹಿಡಿ ಹಿಡಿದುಕೊಂಡೇ ಇದ್ದ, ಆಮೇಲೆ ಇಲಿಯ ಹಾಗೆ ಕೀಂ ಅಂದಳು, ಅವತ್ತೇ ಆ ಹೆಸರು, ಹೆಂಡತಿಗೆ ಏನಂತ ಹೇಳುವುದು, ಅವಳು ವಾರ್ಡಿನಲ್ಲಿ ಯಾರ ಮಗುವಿನ ಜ್ವರವನ್ನೋ ನೋಡುತ್ತಿರುತ್ತಾಳೆ, ಅಪ್ಪಾ ಆಮೇಲೆ ಏನಾಯ್ತು ಅಂದ್ರೆ, ಸುಮ್ನಿರೋ ನಿನ್ನ ಕಾಲಿಗೆ ಬೀಳ್ತೀನಿ, ಹುಡುಗ ಅಳತೊಡಗಿದ, ಒಳಗೆ ನೊರೆ ಮೆಲ್ಲಗೆ ಇಳಿಯುತ್ತಿದೆ, ಕೈ ಮಾತ್ರ ಬಟ್ಟೆಗಳ ಮೇಲೆ ಅಂಗಾತ ಬಿದ್ದಿದೆ, ಅಲುಗುತ್ತಿಲ್ಲ, ಅಲುಗೇ, ಅಲುಗೇ ನನ್ನವ್ವಾ.

ಟಕ್. ಬಾಗಿಲು ಬಂತು, ನೀರು ಮಡಿಲಿಗೆ ಸುರಿಯಿತು, ಅವನು ಎರಡೂ ಕೈ ಹಾಕಿ ಬಾಚಿ ಎಳೆದ, ಮೆತ್ತಗೆ, ಭಾರ, ನೀರು ಕುಡಿದ ಹತ್ತಿಯ ಭಾರ — ಹತ್ತಿ? ಕಣ್ಣು ಮುಚ್ಚಿಕೊಂಡೇ ಮುಖ ತಡವಿದ, ಮೂಗಿಲ್ಲ, ಕಣ್ಣಿರಬೇಕಾದಲ್ಲಿ ಎರಡು ಬಟನ್, ಗೊಂಬೆ, ದೊಡ್ಡಮ್ಮ ಹೊಲಿದುಕೊಟ್ಟ ಮಗಳಷ್ಟೇ ಎತ್ತರದ ಗೊಂಬೆ, ಮಗಳಿಗೆ ಗಿಡ್ಡವಾದ ಅಂಗಿ ತೊಟ್ಟದ್ದು, ಅವನು ಅದನ್ನು ಎದೆಗೆ ಒತ್ತಿಕೊಂಡೇ ಕೂತ, ಬಿಡಲು ಕೈ ಒಪ್ಪಲಿಲ್ಲ, ಮತ್ತೆ ಡ್ರಮ್ಮಿನೊಳಗೆ ತಲೆ ಹಾಕಿ ಒಂದೊಂದೇ ಬಟ್ಟೆ ತೆಗೆದ, ಟವೆಲು, ಚಡ್ಡಿ, ದಿಂಬಿನ ಚೀಲ, ಖಾಲಿ, ತಳದವರೆಗೂ ಖಾಲಿ, ಹಾಗಾದರೆ ಅವಳು ಎಲ್ಲಿ ಅನ್ನುವಷ್ಟರಲ್ಲಿ ಪಕ್ಕದ ಬಚ್ಚಲಿನಿಂದ, ಮುಚ್ಚಿದ ಬಾಗಿಲ ಹಿಂದಿನಿಂದ, ಜಗತ್ತಿನಲ್ಲಿ ಯಾವ ಚಿಂತೆಯೂ ಇಲ್ಲದ ದನಿ ರಾಗವಾಗಿ ಬಂತು, ಅಪ್ಪಾ, ಆಯ್ತೂ! ಹೋದ ಜೀವ ಬಂತು. ಬಾಗಿಲು ತಳ್ಳಿದ, ಇಲಿಮರಿ ಬಟ್ಟೆಯಿಲ್ಲದೆ, ನೀಲಿಯಾಗಿ, ತನ್ನ ಪುಟ್ಟ ಕುರ್ಚಿಯ ಮೇಲೆ ಮಹಾರಾಣಿಯಂತೆ ಕೂತಿದ್ದಾಳೆ, ತೊಳೀ ಅನ್ನುತ್ತಾಳೆ, ಅವನು ಅವಳನ್ನು ಹಾಗೇ ಎತ್ತಿಕೊಂಡ, ತೊಳೆಯದೆ, ಕತ್ತಿಗೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತ, ಅಪ್ಪ ನೀಲಿ ಆದ, ಅಪ್ಪ ನೀಲಿ ಆದ ಎಂದು ಅವಳು ಕೇಕೆ ಹಾಕಿದಳು. ಅವನ ಅಂಗಿ ಹಾಳಾಯಿತು, ಹಾಳಾಗಲಿ.

ಬಾರೋ ಇಲ್ಲಿ, ಮಗನನ್ನೂ ತೊಡೆಗೆಳೆದುಕೊಂಡ, ಹುಡುಗನ ಮೂಗು ಸುರಿಯುತ್ತಿತ್ತು, ನಾನು ಹೇಳೋದನ್ನ ನೀನು ಪೂರ್ತಿ ಕೇಳಲೇ ಇಲ್ಲ, ತಪ್ಪಾಯ್ತು ಕಣಪ್ಪ, ಈಗ ಹೇಳು, ಪೂರ್ತಿ ಹೇಳು, ಗೊಂಬೆ ಹಾಕಿದ್ಯಲ್ಲ, ಜಾಣ — ಗೊಂಬೆ ಆಮೇಲೆ ಅಪ್ಪಾ, ಮೊದಲು ಇವಳನ್ನೇ ಹಾಕಿದ್ದು, ಕೂತ್ಕೊಂಡ್ಳು, ನಕ್ಕಳು, ನಾನು ಬಾಗಿಲು ಹಾಕ್ದೆ, ಬಟನ್ ಮೇಲೆ ಬೆರಳು ಇಟ್ಟೆ, ಕೇಳ್ದೆ ನಿನ್ನ, ಒತ್ತಲಾ ಅಂತ, ನೀನು ಹೂಂ ಒತ್ತು ಅಂದೆ, ಅಷ್ಟೊತ್ತಿಗೆ ಇವಳು ಒಳಗಿಂದ ಟಪ ಟಪ ಬಡಿದ್ಲು, ಕಕ್ಕ ಕಕ್ಕ ಅಂದ್ಲು, ಮಷಿನ್‌ನಲ್ಲಿ ಕಕ್ಕ ಮಾಡ್ಬಾರ್ದಲ್ಲ ಅಪ್ಪಾ, ಅದಕ್ಕೆ ತೆಗೆದು ಇಲ್ಲಿ ಕೂರಿಸ್ದೆ, ಗೊಂಬೆಗೂ ಬಣ್ಣ ಆಗಿತ್ತು, ಅದನ್ನ ಹಾಕ್ದೆ, ಮತ್ತೆ ಕೇಳ್ದೆ ನಿನ್ನ, ಮತ್ತೆ ಹೂಂ ಅಂದೆ. ಎರಡು ಸಲ. ಅವನಿಗೆ ನೆನಪಿದ್ದದ್ದು ಒಂದೇ ಸಲ, ಈಗ ಇನ್ನೊಂದೂ ನೆನಪಾಯಿತು, ಹೂಂ ಒತ್ತು, ಕಡಿಯಲ್ಲ ಅದು ಮೇಡಂ, ಹೂಂ ಒತ್ತು — ಬೆರಳು ಬಟನ್ ಮೇಲಿತ್ತು, ಹುಡುಗ ಹೇಳಿದ ಮಾತು ಕೇಳುವವನು, ಅಪ್ಪ ಅಂದರೆ ಒತ್ತಿಯೇ ಬಿಡುವವನು, ಇವಳಿಗೆ ಕಕ್ಕ ಆ ಗಳಿಗೆ ಬಾರದೆ ಒಂದು ಗಳಿಗೆ ತಡವಾಗಿ ಬಂದಿದ್ದರೆ — ಇಲಿಮರಿ ಅವನ ಗಡ್ಡ ಎಳೆಯುತ್ತಿದ್ದಾಳೆ, ತೊಳೀ ಅಪ್ಪಾ, ತೊಳೀ, ಅವನು ಕತ್ತು ಹೊರಳಿಸಿ ನೋಡಿದ, ಮಷಿನ್‌ನ ತೆರೆದ ಬಾಗಿಲಿನ ಗಾಜು ಸೋಪುನೀರಲ್ಲಿ ತೊಳೆದು ಫಳಫಳ ಹೊಳೆಯುತ್ತಿದೆ, ಒಂದು ಕಲೆಯಿಲ್ಲ, ಒಂದು ಬೆರಳ ಗುರುತಿಲ್ಲ, ತೊಳೀ ಅಪ್ಪಾ, ಅವನು ತಾನು ನೋಡಿಯೇ ಇರದ ಅದನ್ನು ನೋಡುತ್ತಿದ್ದಾನೆ, ಗಾಜಿಗೆ ಒಳಗಿನಿಂದ ಒತ್ತಿದ ಒಂದು ನೀಲಿ ಅಂಗೈ, ಐದೂ ಬೆರಳು ಅಗಲವಾಗಿ ಬಿಡಿಸಿದ ಪುಟ್ಟ ನೀಲಿ ಅಂಗೈ