ಎರಡು ಮೊಳದ ಬಾಗಿಲು

ಒಂದು ಊರು. ಊರಿಗೆ ಸುತ್ತ ಕೋಟೆ, ಕೋಟೆಗೆ ಒಂದೇ ಬಾಗಿಲು, ಆ ಬಾಗಿಲಿನ ಎತ್ತರ ಎರಡೇ ಮೊಳ. ಊರು ಕಟ್ಟಿದ ಮೂಲಪುರುಷ ಒಂದು ಮುಂಗುಸಿ. ಬಾಗಿಲು ಎಷ್ಟೆತ್ತರ ಇರಲಿ ಎಂದು ಕಲ್ಲುಕುಟಿಗರು ಕೇಳಿದಾಗ ಆತ ರುಮಾಲು ಸುತ್ತಿ, ಹಿಂಗಾಲ ಮೇಲೆ ನಿಂತು, "ನನ್ನ ತಲೆಯ ಮೇಲೆ ಇನ್ನೊಂದು ಗೇಣು ಬಿಡಿ, ಧಾರಾಳವಾಯಿತು" ಎಂದನಂತೆ. ಧಾರಾಳವೇ ಆಯಿತು, ಮುಂಗುಸಿಗೆ. ಆಮೇಲೆ ಎಮ್ಮೆ, ಎತ್ತು, ಕತ್ತೆಗಳೂ ಬಂದು ಅಲ್ಲೇ ನೆಲೆಸಿದವು. ಅವು ಮಂಡಿಯೂರಿ ತೆವಳದೆ ಒಳಗೆ ಬರುವಂತಿರಲಿಲ್ಲ. ಹೀಗೆ ಮಂಡಿಯೂರುವುದನ್ನು ನೋಡಿ ನೋಡಿ ಊರಿನವರು ಅದಕ್ಕೆ ಭಕ್ತಿ ಎಂದು ಹೆಸರಿಟ್ಟರು. ಬಾಗಿಲ ಮೇಲಿನ ಅಡ್ಡಕಲ್ಲಿನಲ್ಲಿ ಮೂಲಪುರುಷನ ಹೆಸರು ಕೆತ್ತಿತ್ತು. ಭಕ್ತಿಗೆ ಅಷ್ಟು ಸಾಕಲ್ಲ.

ಪ್ರತಿ ಯುಗಾದಿಗೆ ಊರಿನಲ್ಲಿ ಮಂಡಿ ನೋಡುವ ಶಾಸ್ತ್ರ ನಡೆಯುತ್ತಿತ್ತು. ಯಾರ ಮಂಡಿ ಹೆಚ್ಚು ಜಡ್ಡುಗಟ್ಟಿದೆಯೋ ಅವರಿಗೆ ಅರಿಸಿನ ಹಚ್ಚಿ ಶಾಲು ಹೊದಿಸುತ್ತಿದ್ದರು. ವಯಸ್ಸಾಗಿ ಮಂಡಿಯೂರಲು ಆಗದವರು ಹೊರಗೆ ಕೆರೆ ದಂಡೆಯ ಮೇಲೆ ಉಳಿಯುತ್ತಿದ್ದರು. ಅವರನ್ನು ಯಾರೂ ಓಡಿಸಲಿಲ್ಲ, ಅವರೇ ಒಳಗೆ ಬರಲಿಲ್ಲ ಎಂದು ಊರು ಹೇಳುತ್ತಿತ್ತು. ಮಾತು ಸುಳ್ಳೇನಲ್ಲ.

ಆ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು ತಿಪ್ಪಕ್ಕ ಎಂಬ ಕೋಳಿ. ಮಕ್ಕಳು ಅವಳನ್ನು ಅಕ್ಕೋರು ಎನ್ನುತ್ತಿದ್ದರು. ಆ ಬಾಗಿಲಲ್ಲಿ ಅವಳು ಹುಟ್ಟಿದಾಗಿನಿಂದ ಜುಟ್ಟು ನಿಮಿರಿಸಿಕೊಂಡೇ ಓಡಾಡಿದ್ದಳು. ಬಾಗಿಲು ಗಿಡ್ಡ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಅದಕ್ಕೆ ಅವಳನ್ನು ಬೈಯುವಂತಿಲ್ಲ. ನಮ್ಮ ತಲೆಗೆ ತಾಗದ ಕಲ್ಲನ್ನು ನಾವೂ ಎಂದೂ ಕತ್ತೆತ್ತಿ ನೋಡಿದವರಲ್ಲ.

ಒಳ್ಳೆಯ ಅಕ್ಕೋರು ಅವಳು, ಅದನ್ನು ಒಪ್ಪಬೇಕು. ಬೇರೆ ಶಾಲೆಗಳಲ್ಲಿ ಉತ್ತರ ಬಾಯಿಪಾಠ ಮಾಡಿಸಿದರೆ, ಇವಳು ಮಕ್ಕಳಿಗೆ ಕಷ್ಟವನ್ನು ಸರಿಯಾಗಿ ಹೇಳುವುದನ್ನು ಕಲಿಸುತ್ತಿದ್ದಳು. ಸ್ಲೇಟಿನಲ್ಲಿ ನಾಲ್ಕು ಮನೆ ಗೀಚಿಸುತ್ತಿದ್ದಳು. ಮೊದಲನೆಯದರಲ್ಲಿ ಯಾರಿಗೆ ಕಷ್ಟ, ಎರಡನೆಯದರಲ್ಲಿ ಏನಾಗಬೇಕು, ಮೂರನೆಯದರಲ್ಲಿ ಏನನ್ನು ಮುಟ್ಟುವಂತಿಲ್ಲ, ನಾಲ್ಕನೆಯದರಲ್ಲಿ ಕಷ್ಟ ತೀರಿತೆಂದು ಹೇಗೆ ಗೊತ್ತಾಗಬೇಕು. ನಾಲ್ಕೂ ತುಂಬುವ ತನಕ ಗುದ್ದಲಿ, ಹಗ್ಗ, ಕಡ್ಡಿ ಯಾವುದನ್ನೂ ಮುಟ್ಟಲು ಬಿಡುತ್ತಿರಲಿಲ್ಲ.

ಮೊದಲ ದಿನ ಆಡಿನ ಮರಿ ಎದ್ದು ನಿಂತು, "ಏಣಿ ಇಲ್ಲ, ಅದೇ ನನ್ನ ಕಷ್ಟ" ಎಂದಿತು.

"ಏಣಿ ಯಾಕೆ ಬೇಕು?"

"ಮೇಲಿನ ಕೊಂಬೆಯ ಸೊಪ್ಪಿಗೆ."

"ಹಾಗಾದರೆ ಸೊಪ್ಪು ಸಿಗುತ್ತಿಲ್ಲ ಅಂತ ಬರಿ. ಏಣಿ ನೀನು ಆಗಲೇ ಹುಡುಕಿಕೊಂಡ ಮದ್ದು. ಮದ್ದಿನ ಹೆಸರನ್ನು ರೋಗಕ್ಕೆ ಇಡಬೇಡ ಕಣೋ."

ಆಡಿನ ಮರಿ ತಿದ್ದಿ ಬರೆದುಕೊಂಡು, ಕೊಂಬೆಯನ್ನೇ ಬಗ್ಗಿಸಿ ಸೊಪ್ಪು ತಿಂದಿತು.

ಕೊನೆಯ ಸಾಲಿನಲ್ಲಿ ನಿಂಗಿ ಎಂಬ ಕತ್ತೆಮರಿ ಕೂರುತ್ತಿತ್ತು. ಅದರ ತಾಯಿ ಮಾಳವ್ವ ಕೆರೆಯಿಂದ ಊರಿಗೆ ನೀರು ಹೊರುವವಳು. ಬೆನ್ನಿನ ಎರಡು ಪಕ್ಕಕ್ಕೂ ಕೊಡ ಕಟ್ಟಿಕೊಂಡು ದಿನಕ್ಕೆ ಹನ್ನೆರಡು ಸಲ ಮಂಡಿಯೂರುತ್ತಿದ್ದಳು. ಮೂರು ವರ್ಷ ಸಾಲಾಗಿ ಶಾಲು ಬಂದಿತ್ತು. ಈ ವರ್ಷ ಮಂಡಿಯಲ್ಲಿ ಕೀವು ಬಂದಿತ್ತು. ಊರಿನ ವೈದ್ಯ ಕೊಕ್ಕರೆ ನೋಡಿ, "ಇನ್ನೊಂದು ತಿಂಗಳು ಹೀಗೇ ಊರಿದರೆ, ಊರಿದವಳು ಮತ್ತೆ ಏಳುವುದಿಲ್ಲ" ಎಂದಿತ್ತು. ಅಂದರೆ ಮಾಳವ್ವ ಕೆರೆ ದಂಡೆಗೆ, ನಿಂಗಿ ಒಳಗೆ.

ನಿಂಗಿ ಸ್ಲೇಟಿನಲ್ಲಿ ಬರೆದದ್ದು ಒಂದೇ ಸಾಲು: ಬಾಗಿಲ ಕಲ್ಲನ್ನು ಒಡೆಯಬೇಕು.

ತಿಪ್ಪಕ್ಕ ಯಾರಾದರೂ ಓದಿದರೇನೋ ಎಂದು ಸುತ್ತ ನೋಡಿದಳು. ಆದರೂ ಅಕ್ಕೋರು ಅಕ್ಕೋರೇ. "ಇದೂ ಮದ್ದೇ ಆಯಿತಲ್ಲೇ. ಯಾರಿಗೆ ಕಷ್ಟ?"

"ಅವ್ವನಿಗೆ."

"ಏನಾಗಬೇಕು?"

"ಕೊಡ ಹೊತ್ತುಕೊಂಡು ಮಂಡಿಯೂರದೆ ಒಳಗೆ ಬರಬೇಕು."

"ಏನನ್ನು ಮುಟ್ಟುವಂತಿಲ್ಲ? ಆ ಕಲ್ಲನ್ನು. ಬರಿ."

"ಯಾಕೆ ಮುಟ್ಟಬಾರದು, ಅಕ್ಕೋರೇ?"

"ಅದರ ಮೇಲೆ ದೊಡ್ಡವರ ಹೆಸರಿದೆ. ಹೆಸರಿರುವುದನ್ನು ಮುಟ್ಟಬಾರದು."

ನಿಂಗಿ ಹಾಗೆಯೇ ಬರೆದುಕೊಂಡಿತು. ನಾಲ್ಕನೆಯ ಮನೆಯಲ್ಲಿ, ಅವ್ವ ಒಳಗೆ ಬಂದಾಗ ಮಂಡಿಯಲ್ಲಿ ಮಣ್ಣಿರಬಾರದು ಎಂದು ಬರೆಯಿತು. ಅಂದು ತಿಪ್ಪಕ್ಕ ಮಕ್ಕಳನ್ನೆಲ್ಲ ಬಾಗಿಲಿಗೆ ಕರೆದೊಯ್ದು ಅಳೆಸಿದಳು. ಮಾಳವ್ವನ ಬೆನ್ನು, ಕೊಡ ಇದ್ದರೂ ಇಳಿಸಿದರೂ, ಎರಡು ಮೊಳ, ಒಂದು ಗೇಣು. ಬಾಗಿಲು ಎರಡು ಮೊಳ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ ಅದು. ಮಕ್ಕಳು ಮೇಲೆ ನೋಡಿದರು, ಕಲ್ಲಿತ್ತು. ಕೆಳಗೆ ನೋಡಿದರು, ಬರೀ ಮಣ್ಣು. ಮಣ್ಣಿನ ಮೇಲೆ ಯಾರ ಹೆಸರೂ ಇರಲಿಲ್ಲ.

ಮೂರು ದಿನ ಅಗೆದರು. ಮೊದಲು ಕೆದರಿದವಳು ತಿಪ್ಪಕ್ಕನೇ, ಅದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ. ಗೇಣಿನ ಮೇಲೆ ನಾಲ್ಕು ಬೆರಳು ಹೋಗುವಷ್ಟರಲ್ಲಿ ಬಂಡೆ ಸಿಕ್ಕಿತು, ಅಷ್ಟೇ ಸಾಕಾಗಿತ್ತು. ಮಳೆ ಬಂದರೆ ನೀರು ನಿಂತೀತು ಎಂದು ಅಳಿಲು ಮರಿ ತಕರಾರು ತೆಗೆದಿದ್ದರಿಂದ ಪಕ್ಕಕ್ಕೊಂದು ಕಾಲುವೆಯನ್ನೂ ತೋಡಿದರು. ನಾಲ್ಕನೆಯ ದಿನ ಮಾಳವ್ವ ಇಳಿಜಾರಿನಲ್ಲಿ ಇಳಿದು, ಕಲ್ಲಿನ ಕೆಳಗೆ ನೆಟ್ಟಗೆ ನಡೆದು, ಒಳಗೆ ಹತ್ತಿ ಬಂದಳು. ಬಂದವಳು ಅಲ್ಲೇ ನಿಂತು ತಿರುಗಿ ಬಾಗಿಲನ್ನು ನೋಡಿದಳು. ಆಮೇಲೆ ಹೊರಗೆ ಹೋಗಿ, ಯಾವ ಕೆಲಸವೂ ಇಲ್ಲದೆ, ಇನ್ನೊಂದು ಸಲ ಒಳಗೆ ಬಂದಳು. ಎಲ್ಲರಿಗೂ ಸಂತೋಷವಾಯಿತು.

ಊರಿನ ಯಜಮಾನ ಮುಂಗುಸಿ ನೋಡಲು ಬಂದ. ಮೂಲಪುರುಷನ ವಂಶದವನೇ.

"ಕಲ್ಲು ಮುಟ್ಟಿದಿರಾ?"

"ಇಲ್ಲ, ಯಜಮಾನರೇ."

"ಯಾರಾದರೂ ಮಂಡಿಯೂರುತ್ತಿದ್ದಾರಾ?"

"ಇಲ್ಲ, ಯಜಮಾನರೇ."

ಯಜಮಾನನಿಗೆ ಕೋಪ ಬರಲಿಲ್ಲ. ಪಾಠದ ಕ್ರಮವನ್ನೆಲ್ಲ ಕೇಳಿ ತಿಳಿದುಕೊಂಡು, ಒಂದು ಸ್ಲೇಟನ್ನು ಎರವಲು ಒಯ್ದ. ಎಂಟು ದಿನ ಬಿಟ್ಟು ಮರಳಿಸಿದ. ಸರಿಯಾಗಿ ಒರೆಸಿರಲಿಲ್ಲ. ಯಾರಿಗೆ ಕಷ್ಟ ಎಂಬಲ್ಲಿ "ನಮಗೆ" ಎಂದಿತ್ತು. ಏನಾಗಬೇಕು ಎಂಬಲ್ಲಿ "ಎಲ್ಲ ಮೊದಲಿನಂತೆ." ಏನನ್ನು ಮುಟ್ಟುವಂತಿಲ್ಲ ಎಂಬಲ್ಲಿ "ಮಕ್ಕಳು ತೋಡಿದ ಮಣ್ಣು, ಜನ ಬೇಸರ ಮಾಡಿಕೊಂಡಾರು." ಕೊನೆಯದರಲ್ಲಿ "ಯುಗಾದಿಗೆ ಮಂಡಿ ನೋಡಿದರೆ ಗೊತ್ತಾಗುತ್ತದೆ." ಮದ್ದಿನ ಹೆಸರು ಎಲ್ಲೂ ಇರಲಿಲ್ಲ. ಹಿರಿಯರೊಬ್ಬರು ಇಷ್ಟು ಚೊಕ್ಕವಾಗಿ ಬರೆದದ್ದನ್ನು ತಿಪ್ಪಕ್ಕ ಕಂಡಿರಲಿಲ್ಲ. ಮೆಚ್ಚಿಕೊಂಡಳು. ಏನು ಬರೆದಿದೆ ಎಂದು ಇನ್ನೊಮ್ಮೆ ಓದಬೇಕಿತ್ತು, ಓದಲಿಲ್ಲ.

ಮರುವಾರ ಬಾಗಿಲಲ್ಲಿ ಸಮಾರಂಭ. ಅಡ್ಡಕಲ್ಲಿನ ಕೆಳಗೆ ಇಳಿಬೀಳುವಂತೆ, ಬಾಗಿಲಿನ ಅಗಲಕ್ಕೂ, ಒಂದು ಹಿತ್ತಾಳೆಯ ಫಲಕವನ್ನು ಬಿಗಿದು ಕೂರಿಸಿದರು. ಮಕ್ಕಳಿಗೆ ವಿದ್ಯೆ ಕಲಿಸಿದ ತಿಪ್ಪಕ್ಕನವರ ಗೌರವಾರ್ಥ ಎಂದು ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಕೊರೆದಿತ್ತು. ಫಲಕದ ಎತ್ತರ ಒಂದು ಗೇಣು, ನಾಲ್ಕು ಬೆರಳು. ತಿಪ್ಪಕ್ಕನಿಗೆ ಶಾಲು ಹೊದಿಸಿ, ಮೊದಲು ನೀವೇ ಹಾದುಹೋಗಬೇಕು ಎಂದರು. ಅವಳು ಜುಟ್ಟು ನಿಮಿರಿಸಿಕೊಂಡು ಹೋಗಿ ಬಂದಳು. ಏನೂ ತಾಗಲಿಲ್ಲ. ಜನ ಚಪ್ಪಾಳೆ ತಟ್ಟಿ ಮನೆಗೆ ಹೋದರು.

ಸಂಜೆ ಮಾಳವ್ವ ಕೊಡ ಹೊತ್ತು ಬಂದಳು. ಇಳಿಜಾರಿಳಿದು, ಫಲಕದ ಮುಂದೆ ನಿಂತಳು. ಆಗಷ್ಟೇ ಹೊಸ ಚರ್ಮ ಬರುತ್ತಿದ್ದ ಮಂಡಿಯನ್ನು ಒಮ್ಮೆ ಮಡಿಸಲು ನೋಡಿದಳು, ಆಗಲಿಲ್ಲ. ಕೊಕ್ಕರೆ ಪಕ್ಕದಿಂದ, "ಊರಬೇಡ ತಾಯಿ, ಈ ಸಲ ಏಳುವುದಿಲ್ಲ" ಎಂದಿತು. ಮಾಳವ್ವ ಹಿಂದಕ್ಕೆ ಸರಿದು ಹೊರಗೇ ನಿಂತಳು. ಯಾರೂ ಅವಳನ್ನು ಓಡಿಸಲಿಲ್ಲ.

ನಿಂಗಿ ಅಳಲಿಲ್ಲ. ಇನ್ನೂ ಬಾಗಿಲಲ್ಲೇ ಇದ್ದ ತಿಪ್ಪಕ್ಕನ ಮುಂದೆ ಸ್ಲೇಟು ತಂದು ನಾಲ್ಕು ಮನೆ ಗೀಚಿತು. ಯಾರಿಗೆ ಕಷ್ಟ: ಅವ್ವನಿಗೆ. ಏನಾಗಬೇಕು: ಒಳಗೆ ಬರಬೇಕು. ಹೇಗೆ ಗೊತ್ತಾಗಬೇಕು: ಇವತ್ತು ನಾನು ಅವ್ವನ ಪಕ್ಕ ಮಲಗಬೇಕು. ಮೂರನೆಯ ಮನೆ ಮಾತ್ರ ಖಾಲಿ.

"ಅಕ್ಕೋರೇ, ಕೆಳಗೆ ಬಂಡೆ ಇದೆ, ಇನ್ನು ಅಗೆಯಲು ಬರುವುದಿಲ್ಲ. ಮೇಲೆ ನಿಮ್ಮ ಹೆಸರಿದೆ. ಹೆಸರಿರುವುದನ್ನು ಮುಟ್ಟಬಾರದು ಅಂದಿದ್ದಿರಿ. ಇದನ್ನೂ ಬರೆದುಕೊಳ್ಳಲಾ?"

ತಿಪ್ಪಕ್ಕ ಜೀವಮಾನದಲ್ಲಿ ಮೊದಲ ಸಲ ಆ ಬಾಗಿಲಲ್ಲಿ ಕತ್ತೆತ್ತಿ ನೋಡಿದಳು. ಅಕ್ಷರಗಳು ನಿಜಕ್ಕೂ ಚೆನ್ನಾಗಿದ್ದವು. ಅವಳಿಗೆ ನಾಚಿಕೆಯಾಯಿತು, ಆದರೆ ಶಾಲು ಬೆಚ್ಚಗಿತ್ತು. "ಅವಸರ ಬೇಡ ಕಣೇ, ನಾಳೆ ಪಾಠದಲ್ಲಿ ನೋಡೋಣ" ಎಂದಳು.

ನಿಂಗಿ ಸ್ಲೇಟನ್ನು ಹತ್ತಿರಕ್ಕೆ ಎಳೆದುಕೊಂಡಿತು. ಆಮೇಲೆ ಮೂರನೆಯ ಮನೆಯಲ್ಲಿ ಅಕ್ಕೋರ ಹೆಸರನ್ನು ದುಂಡಗೆ ಬರೆದು ತೋರಿಸಿತು. ನಾಲ್ಕೂ ಮನೆ ತುಂಬಿತ್ತು, ಎಲ್ಲೂ ಮದ್ದಿನ ಹೆಸರಿರಲಿಲ್ಲ. ತಿಪ್ಪಕ್ಕ ರೂಢಿಯಂತೆ ಸರಿ ಗುರುತು ಹಾಕಿದಳು.

ನಿಂಗಿ ಸ್ಲೇಟನ್ನು ಬಾಗಿಲ ಬದಿಗೆ ಒರಗಿಸಿಟ್ಟು ಅವ್ವನ ಹತ್ತಿರ ಹೊರಗೆ ಹೋಯಿತು. ಇನ್ನೂ ಚಿಕ್ಕದು, ಮಂಡಿಯೂರಬೇಕಾಗಲಿಲ್ಲ.